ತಗಡೋ, ಮಾಳಿಗೆಯೋ: ಯಾದಗಿರಿ ಸೀಮೆಯಲ್ಲಿ ಕುದುರೆಗೊಂದು ಲಾಯ

ಏಪ್ರಿಲ್, ಮೇ ತಿಂಗಳಲ್ಲಿ ಮದುವೆ ಮುಹೂರ್ತಗಳು ಒಂದರ ಮೇಲೊಂದು ಬರುತ್ತವೆ. ಯಾದಗಿರಿ, ಶಹಾಪುರ, ಸುರಪುರಗಳ ಬಿಸಿಲು 42–43 ಡಿಗ್ರಿ ಮುಟ್ಟುವುದೂ ಆಗಲೇ. ಸಂಜೆ ಮದುಮಗನನ್ನು ಹೊತ್ತು ಬ್ಯಾಂಡಿನ ಹಿಂದೆ ನಡೆಯುವ ಕುದುರೆ ಹಗಲೆಲ್ಲ ಎಲ್ಲಿ ನಿಂತಿತ್ತು ಎಂದು ಮೆರವಣಿಗೆಯಲ್ಲಿ ಯಾರೂ ಕೇಳುವುದಿಲ್ಲ. ಎಷ್ಟೋ ಕಡೆ ಅದು ನಿಂತಿರುವುದು ಮನೆಯ ಪಕ್ಕದ ಗೋಡೆಗೆ ಆನಿಸಿದ ನಾಲ್ಕು ತಗಡಿನ ಕೆಳಗೆ. ಆಷಾಢ ಹಿಡಿದರೆ ಮದುವೆಯಿಲ್ಲ, ಗಳಿಕೆಯಿಲ್ಲ, ಮಳೆಯಿದೆ. ಅದೇ ಪ್ರಾಣಿ ಆಗ ಕೆಸರಲ್ಲಿ ನಿಂತಿರುತ್ತದೆ. ಕಡಿಮೆ ದುಡ್ಡಿನಲ್ಲಿ ಲಾಯ ಕಟ್ಟುವ ಮಾತೆತ್ತಿದರೆ ಮೇ ತಿಂಗಳ ಮಧ್ಯಾಹ್ನವನ್ನೂ ಆಷಾಢದ ರಾತ್ರಿಯನ್ನೂ ಎದುರಿಗಿಟ್ಟುಕೊಂಡು ಲೆಕ್ಕ ಹಾಕಬೇಕು.

ಕುರಿಹಿಂಡಿನ ಜತೆ ಊರೂರು ತಿರುಗುತ್ತ ಕಂಬಳಿ, ಪಾತ್ರೆ, ಎಳೆ ಮರಿಗಳನ್ನು ತಟ್ಟುವಿನ ಮೇಲೆ ಹೇರುವ ಕುರಿಗಾರರಿಗೆ ಈ ಪ್ರಶ್ನೆಯೇ ಇಲ್ಲ. ಅವರ ತಟ್ಟು ರಾತ್ರಿ ಹೊಲದಲ್ಲೇ ನಿಲ್ಲುತ್ತದೆ, ಹಗಲು ನಡೆಯುತ್ತದೆ. ತೊಂದರೆ ಇರುವುದು ಪಟ್ಟಣದ ಗಲ್ಲಿಯಲ್ಲಿ ಒಂದೋ ಎರಡೋ ಕುದುರೆ ಇಟ್ಟುಕೊಂಡು ಬಾಡಿಗೆಯಿಂದ ಬದುಕುವವರಿಗೆ. ಸಂಕ್ರಾಂತಿಗೆ ಕುದುರೆಯೇರಿದ ಮೈಲಾರಲಿಂಗನ ಜಾತ್ರೆಗೆಂದು ಮೈಲಾಪುರದ ಗುಡ್ಡ ಹತ್ತುವ ನಾಡು ಇದು, ನಾಯಕರ ಸಂಸ್ಥಾನ ಆಳಿದ ಸುರಪುರ ಇಲ್ಲೇ ಇದೆ. ಕುದುರೆಯ ಮೇಲಿನ ಗೌರವಕ್ಕೆ ಕೊರತೆಯಿಲ್ಲ, ಅದರ ನೆರಳಿಗೆ ಇದೆ.

ಭುಜದ ಬಳಿ ಐದಡಿ ಎತ್ತರದ ಕುದುರೆ ತಿರುಗಿ, ಮಲಗಿ, ತೊಡರಿಲ್ಲದೆ ಏಳಬೇಕಾದರೆ 12 ಅಡಿಗೆ 12 ಅಡಿ ಜಾಗ ಬೇಕು. ಸಣ್ಣ ತಟ್ಟುವಿಗೆ ಹತ್ತಕ್ಕೆ ಹತ್ತು ಸಾಕು. ಬಾಗಿಲು ನಾಲ್ಕಡಿ ಅಗಲ. ಇದಕ್ಕಿಂತ ಕಡಿಮೆ ಮಾಡಿ ದುಡ್ಡು ಉಳಿಸುವುದು ಉಳಿತಾಯವೇ ಅಲ್ಲ; ಇಕ್ಕಟ್ಟಿನಲ್ಲಿ ಮಲಗಿದ ಕುದುರೆ ಗೋಡೆಗೆ ಸಿಕ್ಕಿಹಾಕಿಕೊಂಡು ಒದ್ದಾಡಿ ಕಾಲು ಮುರಿದುಕೊಳ್ಳುತ್ತದೆ. ವಾದ ಏನಿದ್ದರೂ ಆ ಜಾಗದ ಮೇಲೆ ಏನು ಹೊದಿಸಬೇಕು ಎನ್ನುವುದರಲ್ಲಿ.

ತಗಡಿನ ಪರವಾಗಿ ಹೇಳುವುದು ಬಹಳ ಇದೆ, ಅದನ್ನು ಬಡವರ ಅನಿವಾರ್ಯತೆ ಎಂದು ತಳ್ಳಿಹಾಕುವುದು ತಪ್ಪು. ನಾಲ್ಕು ಗುಂಡಿ, ನಾಲ್ಕು ಕಲ್ಲುಕಂಬ, ಮೇಲೆ ಪೈಪು, ಹತ್ತು-ಹನ್ನೆರಡು ತಗಡು ಇದ್ದರೆ ಇಬ್ಬರು ಸೇರಿ ಎರಡು ದಿನದಲ್ಲಿ ನಿಲ್ಲಿಸಬಹುದು. ಜಾಗ ಸ್ವಂತದ್ದಲ್ಲದವರಿಗೆ ಇನ್ನೂ ದೊಡ್ಡ ಅನುಕೂಲವಿದೆ: ಮಾಲೀಕ ಜಾಗ ಬಿಡಿಸಿದರೆ ಬೋಲ್ಟು ಬಿಚ್ಚಿ ಗಾಡಿಗೆ ಹೇರಿಕೊಂಡು ಹೋಗಬಹುದು, ಕೈ ತೀರಾ ಬಿಗಿಯಾದರೆ ಮಾರಲೂಬಹುದು. ಕಲ್ಲು ಗೋಡೆಯನ್ನು ಹಾಗೆ ಹೊತ್ತೊಯ್ಯಲು ಬರುವುದಿಲ್ಲ.

ನೆಲದ ಗುಣವೂ ತಗಡಿನ ಕಡೆಗೇ ವಾಲುತ್ತದೆ. ಭೀಮೆ, ಕೃಷ್ಣೆಯರ ದಂಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಗೋಡೆ ಎಬ್ಬಿಸಬೇಕಾದರೆ ಮೊರಂ ಸಿಗುವವರೆಗೆ ಅಡಿಪಾಯ ಅಗೆಯಬೇಕು, ಇಲ್ಲದಿದ್ದರೆ ನಾಲ್ಕೈದು ಮಳೆಗಾಲದಲ್ಲಿ ಗೋಡೆ ಸೀಳುತ್ತದೆ. ಕಂಬಕ್ಕಾದರೆ ನಾಲ್ಕು ಗುಂಡಿ ಮಾತ್ರ ಆಳ ಮಾಡಿದರಾಯಿತು. ಮಲಗಿದ ಬುದ್ಧನ ಹಾಗೆ ಕಾಣುವ ಶಹಾಪುರದ ಬೆಟ್ಟದ ಬುಡದಲ್ಲಿ, ಸುರಪುರದ ಗುಡ್ಡಗಳ ಇಳಿಜಾರಿನಲ್ಲಿ ಬಂಡೆ ಮೇಲೆಯೇ ಇರುವುದರಿಂದ ಈ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ಕಲ್ಲು ಹತ್ತಿರ, ಅಡಿಪಾಯ ಅಗ್ಗ. ಹೀಗಾಗಿ ಒಂದೇ ಜಿಲ್ಲೆಯ ಎರಡು ಊರಿಗೆ ಒಂದೇ ನಕ್ಷೆ ಕೊಡುವವರ ಮಾತನ್ನು ನಾನು ನಂಬುವುದಿಲ್ಲ.

ಆದರೆ ಮೇ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ ತಗಡಿನ ಶೆಡ್ಡಿನೊಳಗೆ ಹೋಗಿ ನಿಲ್ಲಬೇಕು. ತುಕ್ಕು ಹಿಡಿದ ಹಳೆ ತಗಡು ಆ ಹೊತ್ತಿಗೆ 60 ಡಿಗ್ರಿ ದಾಟಿರುತ್ತದೆ. ಕುದುರೆಯ ಮೈ ಬಿಸಿ ಇರಬೇಕಾದದ್ದು ಸುಮಾರು 38 ಡಿಗ್ರಿ. ಅದು ಬೆವರಿ ತಣಿಯುವ ಪ್ರಾಣಿ. ಬೆವರು ಆರಲು ಗಾಳಿ ಆಡಬೇಕು. ಸುತ್ತ ಮುಚ್ಚಿ, ಏಳೆಂಟಡಿ ಎತ್ತರಕ್ಕೆ ಹೊದಿಸಿದ ತಗಡಿನ ಕೆಳಗೆ ಅದರ ತಲೆ ಕಾದ ಮಾಡಿಗೆ ಒಂದಡಿ ದೂರದಲ್ಲಿರುತ್ತದೆ. ಮೊದಲ ದಿನ ಯಜಮಾನ ಉಳಿಸಿದ ದುಡ್ಡನ್ನು ಆಮೇಲೆ ಪ್ರತಿ ಬೇಸಿಗೆಯಲ್ಲೂ ಪ್ರಾಣಿ ತೆರುತ್ತದೆ. ಮುಂಗಾರಿನ ಮುಂಚಿನ ಬಿರುಗಾಳಿಗೆ ತಗಡು ಹಾರಿಹೋದ ಸುದ್ದಿ ಈ ಭಾಗದ ಪತ್ರಿಕೆಗಳಲ್ಲಿ ವರ್ಷ ವರ್ಷವೂ ಬರುತ್ತದೆ, ಹಾರಿದ ತಗಡಿನ ಅಂಚು ಕುಡುಗೋಲಿನಷ್ಟೇ ಹರಿತ. ಗೋಡೆಗೂ ತಗಡನ್ನೇ ಬಡಿದರೆ ಒದೆಯುವ ಕುದುರೆಯ ಕಾಲು ಅದರಲ್ಲಿ ತೂರುತ್ತದೆ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಎಲ್ಲಕ್ಕಿಂತ ಬೇಗ ತುತ್ತಾಗುವುದು ಕುದುರೆ, ಒಂದು ಮೊಳೆಯ ಗಾಯ ಸಾಕು.

ಹಳೆಯ ಮನೆಗಳಲ್ಲಿ ದನ ಕಟ್ಟುತ್ತಿದ್ದ ಕಲ್ಲು-ಮಣ್ಣಿನ ದಂದಕ್ಕಿಯನ್ನು ನೆನೆಯುವವರ ಬಲ ಇರುವುದು ಇಲ್ಲೇ. ಒಂದೂವರೆ-ಎರಡಡಿ ದಪ್ಪದ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಅರ್ಧ ಅಡಿ ಮಣ್ಣಿನ ಮಾಳಿಗೆ. ಹೊರಗೆ ಬೆಂಕಿ ಸುರಿಯುವಾಗಲೂ ಒಳಗೆ ತಂಪು. ಡಿಸೆಂಬರಿನ ಚಳಿ ರಾತ್ರಿಯಲ್ಲಿ ಬೆಚ್ಚಗೆ. ಚೆನ್ನಾಗಿ ನೋಡಿಕೊಂಡರೆ ಎರಡು ತಲೆಮಾರು ನಿಲ್ಲುತ್ತದೆ. ಶಹಾಬಾದ, ವಾಡಿ, ಚಿತ್ತಾಪುರದ ಗಣಿಗಳ ಫರಸಿ ದೂರದ್ದೇನಲ್ಲ. ಹುಣಸಗಿಯ ಹತ್ತಿರದ ಇಸಾಂಪುರದಲ್ಲಿ ಇದೇ ಬಗೆಯ ಸುಣ್ಣಕಲ್ಲನ್ನು ಒಡೆದು ಆದಿಮಾನವರು ಆಯುಧ ಮಾಡಿಕೊಂಡ ನೆಲೆಯನ್ನು ಪುರಾತತ್ವಜ್ಞ ಕೆ. ಪದ್ದಯ್ಯ ಅಗೆದು ತೋರಿಸಿದ್ದಾರೆ. ಕಲ್ಲಿನ ಸ್ನೇಹ ಈ ನೆಲಕ್ಕೆ ಹಳೆಯದು.

ಹೊಗಳುವಾಗ ಎರಡು ಮಾತು ಮರೆಯುತ್ತೇವೆ. ದಪ್ಪ ಗೋಡೆ ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ಬಿಡುತ್ತದೆ. ಬೇಸಿಗೆಯಲ್ಲಿ ಮೆರವಣಿಗೆ ಮುಗಿಸಿ ಹತ್ತು ಗಂಟೆಗೆ ಬಂದ ಕುದುರೆಗೆ ಕಲ್ಲಿನ ದಂದಕ್ಕಿ ಸೆಕೆ. ತಗಡು ಅಷ್ಟರಲ್ಲಿ ಆರಿರುತ್ತದೆ. ಎರಡನೆಯದು ಇನ್ನೂ ಮುಖ್ಯ. ದಂದಕ್ಕಿ ಇದ್ದದ್ದು ಎತ್ತಿಗೆ. ಎತ್ತು ಬೆಳಗ್ಗೆ ಹೊಲಕ್ಕೆ ಹೋಗಿ ಸಂಜೆ ಬರುತ್ತಿತ್ತು, ರಾತ್ರಿ ಮಾತ್ರ ಮೇವು ಹಾಕುವ ಗ್ವಾದಲಿಯ ಮುಂದೆ ನಿಲ್ಲುತ್ತಿತ್ತು. ಮೆರವಣಿಗೆಯ ಕುದುರೆ ಹಗಲೂ ಇರುಳೂ ಅಲ್ಲೇ ನಿಲ್ಲುತ್ತದೆ. ಒಂದು ಬಾಗಿಲು, ಒಂದು ಬೆಳಕಿಂಡಿ ಇರುವ ಕತ್ತಲ ಕೋಣೆಯಲ್ಲಿ ಗಂಜಲದ ಘಾಟು, ಮೇವಿನ ಧೂಳು ಸೇರಿ ಅದರ ಶ್ವಾಸಕೋಶ ಕೆಡುತ್ತದೆ. ಎತ್ತಿಗೆ ಒಪ್ಪಿದ ಮನೆ ಕುದುರೆಗೂ ಒಪ್ಪುತ್ತದೆ ಎಂಬುದು ಸರಿಯಲ್ಲ.

ಮಾಳಿಗೆಯ ಭಾರವೂ ಚಿಕ್ಕದಲ್ಲ. ಹನ್ನೆರಡಕ್ಕೆ ಹನ್ನೆರಡಡಿ ಜಾಗದ ಮೇಲೆ ಅರ್ಧ ಅಡಿ ಮಣ್ಣೆಂದರೆ ಒಣಗಿದಾಗಲೇ ಮೂರು ಟನ್ನಿಗೂ ಮೇಲೆ, ನೆನೆದರೆ ಇನ್ನೂ ಹೆಚ್ಚು. ಅದನ್ನು ಹೊರುವ ತೊಲೆಗೆ ಇವತ್ತಿನ ಮರದ ಬೆಲೆ ಕೊಡಬೇಕು. ಪ್ರತಿ ವರ್ಷ ಮಳೆಗೆ ಮುಂಚೆ ಮೇಲೆ ಹತ್ತಿ ಹೊಸ ಮಣ್ಣು ಹಾಕಿ ಬಡಿಯಬೇಕು. ಬಡಿಯುವವರು ಯಾರು? ಈ ಜಿಲ್ಲೆಯಿಂದ ಗುಳೆ ಹೋಗುವ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿರುವಾಗ ಊರಿನ ಮಾಳಿಗೆಗಳು ಸೋರುತ್ತ ಕುಳಿತಿರುತ್ತವೆ. ಮಣ್ಣಿನ ಕಟ್ಟಡ ಅಗ್ಗ ಎಂದು ಬರೆಯುವವರು ಆ ಅಗ್ಗದೊಳಗೆ ಮನೆಯವರ ಸಂಬಳವಿಲ್ಲದ ದುಡಿಮೆಯನ್ನು ಮುಚ್ಚಿಟ್ಟಿರುತ್ತಾರೆ. ಈ ಒಂದು ಕಾರಣಕ್ಕೆ, ಮನಸ್ಸು ಮಾಳಿಗೆಯ ಕಡೆಗಿದ್ದರೂ, ಗುಳೆ ಹೋಗುವ ಮನೆಗೆ ನಾನು ಅದನ್ನು ಹೇಳಲಾರೆ.

ಮಾಡಿನ ಬಗ್ಗೆ ಇಷ್ಟು ಜಗಳವಾಡುವವರು ನೆಲವನ್ನು ಮರೆತುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಮೊದಲ ರೂಪಾಯಿ ಹೋಗಬೇಕಾದದ್ದು ಅಲ್ಲಿಗೆ. ಫರಸಿ ಹಾಸಿದರೆ ತೊಳೆಯಲು ಸುಲಭ, ನೋಡಲು ಚೆಂದ. ಆದರೆ ನಾಲು ಬಡಿದ ಗೊರಸಿಗೆ ಒದ್ದೆ ಫರಸಿ ಜಾರುತ್ತದೆ, ಗಟ್ಟಿ ನೆಲದ ಮೇಲೆ ದಿನವಿಡೀ ನಿಂತು ಕೀಲು ನೋಯುತ್ತದೆ. ಎರೆಮಣ್ಣಿನ ಮೇಲೆ ಬಿಟ್ಟರೆ ಆಷಾಢಕ್ಕೆ ಮೊಣಕಾಲುದ್ದ ಕೆಸರು. ಕುದುರೆ ದಿನಕ್ಕೆ ಐದರಿಂದ ಹತ್ತು ಲೀಟರ್ ಗಂಜಲ ಹೊಯ್ಯುತ್ತದೆ. ಅದು ಇಂಗದೆ ನಿಂತರೆ ಗೊರಸಿನ ಅಡಿ ಮೆತ್ತಗಾಗಿ ಕೊಳೆಯುತ್ತದೆ, ವಾಸನೆ ಬಂದಾಗಲೇ ಯಜಮಾನನಿಗೆ ಗೊತ್ತಾಗುವುದು. ಸುತ್ತಲ ನೆಲಕ್ಕಿಂತ ಮುಕ್ಕಾಲಡಿ ಎತ್ತರಕ್ಕೆ ಮೊರಂ ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಬಡಿದು, ಹಿಂಬದಿಗೆ ಸಣ್ಣ ಇಳಿಜಾರು ಕೊಟ್ಟು, ಅಲ್ಲೊಂದು ಗಟಾರ ತೆಗೆದರೆ ಈ ತೊಂದರೆಯ ಬಹುಪಾಲು ತೀರುತ್ತದೆ. ಫರಸಿಯನ್ನು ಬಾಗಿಲ ಮುಂದೆ, ಗ್ವಾದಲಿಗೆ, ನೀರಿನ ತೊಟ್ಟಿಗೆ ಇಟ್ಟುಕೊಳ್ಳಬಹುದು.

ಆಮೇಲೆ ಎತ್ತರ. ತಗಡನ್ನೇ ಹಾಕುವುದಾದರೆ ಒಂದು ಬದಿ ಹನ್ನೆರಡಡಿ, ಇನ್ನೊಂದು ಬದಿ ಹತ್ತಡಿ ಇರಲಿ. ಕಂಬದ ಮೂರಡಿ ಹೆಚ್ಚಿನ ಉದ್ದಕ್ಕೆ ಹೋಗುವ ದುಡ್ಡು ಮಾಡಿನ ಖರ್ಚಿನ ಮುಂದೆ ಅಲ್ಪ. ಪಡುವಣಕ್ಕೆ ಎದೆಮಟ್ಟದ ಕಲ್ಲು ಗೋಡೆ, ಉಳಿದ ಕಡೆ ತೆರವು. ತಗಡಿನ ಮೇಲೆ ಯುಗಾದಿಗೆ ಸುಣ್ಣ ಬಳಿದರೆ ಬಿಸಿಲು ಅಷ್ಟಿಷ್ಟು ಹಿಂದಿರುಗುತ್ತದೆ. ಕೆಳಗೆ ಜೋಳದ ಕಣಿಕೆಯ ತಟ್ಟಿ ಕಟ್ಟುವವರಿದ್ದಾರೆ, ತಂಪಿಗೆ ಅದಕ್ಕಿಂತ ಅಗ್ಗದ ಉಪಾಯವಿಲ್ಲ. ಆದರೆ ಮದುವೆ ಸೀಸನ್ನಿನಲ್ಲಿ ಪಟಾಕಿ ಕಿಡಿ ಹಾರುವ ಗಲ್ಲಿಯಲ್ಲಿ ಒಣ ಕಣಿಕೆಯ ಕೆಳಗೆ ಕಟ್ಟಿಹಾಕಿದ ಪ್ರಾಣಿಯನ್ನು ನೆನೆದರೆ ನನಗೆ ಧೈರ್ಯ ಬರುವುದಿಲ್ಲ. ಹಳ್ಳಿಯಲ್ಲಾದರೆ ಕಟ್ಟಲಿ. ಪಟ್ಟಣದಲ್ಲಿ ಅದರ ಬದಲು ಎರಡು ಬೇವಿನ ಗಿಡ ನೆಡುವುದು ಮೇಲು, ನೆರಳಿಗೆ ಏಳೆಂಟು ವರ್ಷ ಕಾಯಬೇಕಾದರೂ.

ಇನ್ನು ಸರ್ಕಾರದ ಕೈ. ನರೇಗಾದಲ್ಲಿ ದನದ ಕೊಟ್ಟಿಗೆಗೆ 57 ಸಾವಿರ ರೂಪಾಯಿ ನಿಗದಿಯಾಗಿತ್ತು. ಆ ಕಾಯ್ದೆಯ ಅನುಸೂಚಿಯಲ್ಲಿ ಕೋಳಿ, ಆಡು, ಹಂದಿ, ದನಗಳ ಆಸರೆಯ ಹೆಸರಿತ್ತು, ಕುದುರೆಯ ಹೆಸರಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್ನಿಗೆ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆಗಳನ್ನು ಸೇರಿಸಿ, ಉದ್ಯಮ ಕಟ್ಟುವವರಿಗೆ ಬಂಡವಾಳದ ಅರ್ಧದಷ್ಟು, 50 ಲಕ್ಷದವರೆಗೆ ಸಹಾಯಧನ ಎಂದಿತು. ಒಂದು ಕುದುರೆಯಿಂದ ಸಂಸಾರ ತೂಗಿಸುವವನಿಗೆ ಆ ಬಾಗಿಲು ಬಹಳ ಎತ್ತರದಲ್ಲಿದೆ.

ಸರ್ಕಾರದ ಪರವಾಗಿಯೂ ಒಂದು ಮಾತಿದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ, ತಟ್ಟುಗಳೆಲ್ಲ ಸೇರಿ ಸುಮಾರು 3.4 ಲಕ್ಷ, ಏಳು ವರ್ಷದಲ್ಲಿ ಶೇ 45ರಷ್ಟು ಇಳಿದಿತ್ತು. ಹಾಲು ಕೊಡುವ ಎಮ್ಮೆಗೆ, ಮಾಂಸಕ್ಕೆ ಬರುವ ಕುರಿಗೆ ಆಸರೆ ಸಾಲದಿರುವಾಗ ಇಷ್ಟು ಕಡಿಮೆಯಾದ ಪ್ರಾಣಿಗೆ ಸಾರ್ವಜನಿಕ ಹಣವೇಕೆ ಎಂದು ಪಂಚಾಯಿತಿ ಸದಸ್ಯರೊಬ್ಬರು ಕೇಳಿದರೆ ಅದನ್ನು ಕಟುಕತನ ಎನ್ನಲಾಗದು. ಆದರೂ ನಾನು ಕುದುರೆಯ ಪಕ್ಷ. ದುಡಿಯುವ ಎತ್ತಿಗೆ ಕೊಟ್ಟಿಗೆ ಕೊಡುವುದು ನ್ಯಾಯವಾದರೆ ದುಡಿಯುವ ಕುದುರೆಗೂ ಅದೇ ನ್ಯಾಯ, ಅದೂ ಒಂದು ಮನೆಯ ಒಲೆ ಉರಿಸುತ್ತಿದೆ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಇಂಥ ಮನೆಗಳು ಬೆರಳೆಣಿಕೆಯೇ ಇದ್ದರೆ ಖರ್ಚೂ ಅಷ್ಟೇ ಕಡಿಮೆ. ಸರ್ಕಾರದ ಆಸರೆಯ ಪಟ್ಟಿಗೆ ಕುದುರೆಯೂ ಸೇರುವವರೆಗೆ ಯಾರೂ ತಡೆಯದ ಕೆಲಸ ಒಂದಿದೆ: ಹನ್ನೆರಡಡಿ ಚೌಕದ ನೆಲಕ್ಕೆ ಮುಕ್ಕಾಲಡಿ ಮೊರಂ ಎಂದರೆ ಒಂದು ಬ್ರಾಸಿಗಿಂತ ತುಸು ಹೆಚ್ಚು, ಟ್ರ್ಯಾಕ್ಟರಿನ ಒಂದು ಲೋಡು. ರೋಹಿಣಿ ಮಳೆ ಬೀಳುವ ಮೊದಲು ಅದನ್ನು ಹಾಕಿಸಬೇಕು.