ಸವಣೂರಿಗೆ ಒಂದು ದಿನ, ಚೀಲದಲ್ಲೊಂದು ಹಗ್ಗ

ರಜೆ ಬಂತೆಂದರೆ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಕಡೆಯ ಮಕ್ಕಳ ಬಾಯಲ್ಲಿ ಒಂದೇ ಮಾತು: 'ಹುಬ್ಬಳ್ಳಿಗೆ ಹೋಗೋಣು.' ಅಲ್ಲಿ ದೊಡ್ಡ ಅಂಗಡಿಗಳಿವೆ, ಐಸ್‌ಕ್ರೀಮ್ ಇದೆ, ಸಿನಿಮಾ ಇದೆ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ವಿದ್ಯಾರ್ಥಿ ಮಿತ್ರರೇ, ಪಾಲಕರೇ, ಈ ಸಲ ಒಂದು ದಿನವನ್ನು ಸವಣೂರಿಗಾಗಿ ಎತ್ತಿಡಿ. ಸ್ನೇಹಿತರ ಮನೆ, ಪೇಟೆ, ಹೊರಗಿನ ತಿಂಡಿ ಮೂರೂ ಅಲ್ಲಿ ಒಂದೇ ದಿನದಲ್ಲಿ ಮುಗಿಯುತ್ತವೆ. ಖರ್ಚೂ ಕಡಿಮೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅವ್ವ, ಅಕ್ಕ, ತಂಗಿಯರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಹೋಗಿ ಬರಬಹುದು. ಸವಣೂರಿನ ಮಕ್ಕಳಿಗಂತೂ ಬಸ್ಸೇ ಬೇಡ; ಬಂದ ಗೆಳೆಯರಿಗೆ ಊರು ತೋರಿಸುವ ಕೆಲಸ ಅವರದು.

ಹೊರಡುವಾಗ ಚೀಲದಲ್ಲಿ ಇಪ್ಪತ್ತು ಮೀಟರ್ ಹಗ್ಗ, ಒಂದು ಅಳತೆ ಟೇಪು, ಒಂದು ನೋಟ್‌ಬುಕ್ ಇರಲಿ. ಏಕೆಂದು ಮುಂದೆ ಹೇಳುತ್ತೇನೆ.

ಸವಣೂರು ಇಂದು ತಾಲ್ಲೂಕು ಕೇಂದ್ರ. ಆದರೆ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಅದು ನವಾಬರ ರಾಜಧಾನಿಯಾಗಿತ್ತು. 1990ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಇಲ್ಲಿಯೇ, 1909ರಲ್ಲಿ. ಬಸ್ಸಿನಲ್ಲಿ ಕುಳಿತಾಗ ಮಕ್ಕಳಿಗೆ ಇಷ್ಟು ಹೇಳಿದರೂ ಸಾಕು.

ನನ್ನ ಸ್ನೇಹಿತರೊಬ್ಬರು ಅಲ್ಲಿದ್ದಾರೆ, ಗಣಿತದ ಮಾಸ್ತರರು. ಅವರ ಮನೆಯ ಹೊಸ್ತಿಲು ದಾಟಿದರೆ ಮೊದಲ ಮಾತು, 'ಬರ್ರಿ ಸರ, ಮೊದಲ ಊಟ, ಆಮ್ಯಾಲೆ ಊರು.' ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಚಟ್ನಿ ಖಾರವಾಯಿತೆಂದು ಮಕ್ಕಳು ನೀರಿನ ತಂಬಿಗೆಗೆ ಕೈ ಹಾಕುತ್ತಾರೆ. ಅವರ ಮನೆಯವರು ಮೊಸರು ಬಡಿಸುತ್ತಾರೆ. ಗೆಲ್ಲುವುದು ಮೊಸರೇ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೇಸಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಮೊಸರಿನ ಜಿಡ್ಡು ಮತ್ತು ಪ್ರೋಟೀನು ಅದನ್ನು ನಾಲಿಗೆಯಿಂದ ಬಿಡಿಸಿ ಒಯ್ಯುತ್ತವೆ.

ಊಟವಾದ ಮೇಲೆ ಪೇಟೆ. ಸವಣೂರಿಗೆ ಹೋದವರು ಎರಡು ವಸ್ತು ತರದೆ ಬರುವುದಿಲ್ಲ: ಖಾರ ಮತ್ತು ವೀಳ್ಯದೆಲೆ. ಖಾರ ಕರಿಯುವುದು ಕಾಣಿಸುವ ಅಂಗಡಿ ಸಿಕ್ಕರೆ ಐದು ನಿಮಿಷ ದೂರದಲ್ಲಿ ನಿಂತು ನೋಡಿ. ಕಡಲೆ ಹಿಟ್ಟಿನ ಎಳೆ ಕಾದ ಎಣ್ಣೆಗೆ ಬಿದ್ದೊಡನೆ ಗುಳ್ಳೆಗಳೇಳುತ್ತವೆ. ಕುದಿಯುತ್ತಿರುವುದು ಎಣ್ಣೆಯಲ್ಲ, ಹಿಟ್ಟಿನೊಳಗಿನ ನೀರು. ಗುಳ್ಳೆ ನಿಂತಿತೆಂದರೆ ನೀರು ಬಹುಮಟ್ಟಿಗೆ ಆವಿಯಾಗಿ ಹೋಯಿತು, ಖಾರ ಗರಿಗರಿಯಾಯಿತು. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಅದೇ ನೀರು ಗಾಳಿಯಿಂದ ಮರಳಿ ಬಂದು ಖಾರ ಮೆತ್ತಗಾಗುತ್ತದೆ. ಕಟ್ಟಿಸಿಕೊಳ್ಳಲು ಮನೆಯಿಂದಲೇ ಸ್ಟೀಲ್ ಡಬ್ಬಿ ಒಯ್ಯಿರಿ. ಪತ್ರಿಕೆಯ ಕಾಗದದಲ್ಲಿ ತಿನಿಸು ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೇ ಎಚ್ಚರಿಸಿದೆ. ಮಸಿಯಲ್ಲಿರುವ ರಾಸಾಯನಿಕಗಳು ಎಣ್ಣೆಯ ಪದಾರ್ಥಕ್ಕೆ ಇಳಿಯುತ್ತವೆ. ಪತ್ರಿಕೆ ಇರುವುದು ಓದಲಿಕ್ಕೆ.

ಇನ್ನು ವೀಳ್ಯದೆಲೆ. ಬಳ್ಳಿಯಿಂದ ಕಿತ್ತ ಎಲೆ ಸತ್ತಿತೆಂದು ತಿಳಿಯಬೇಡಿ. ಅದು ಇನ್ನೂ ಉಸಿರಾಡುತ್ತಿರುತ್ತದೆ, ಆಗ ಶಾಖ ಹುಟ್ಟುತ್ತದೆ. ಕಟ್ಟನ್ನು ಬಿಗಿಯಾಗಿ ಬಿಸಿಲಿನಲ್ಲಿಟ್ಟರೆ ಒಳಗಿನ ಎಲೆಗಳು ಕಾವೇರಿ ಕಪ್ಪಾಗುತ್ತವೆ. ಬಿಚ್ಚಿ ಗಾಳಿಗಿಟ್ಟರೆ ನೀರು ಕಳೆದುಕೊಂಡು ಬಾಡುತ್ತವೆ. ವ್ಯಾಪಾರಿ ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಡುವುದು ಈ ಎರಡನ್ನೂ ತಪ್ಪಿಸಲು. ಆತ ವಿಜ್ಞಾನ ಪುಸ್ತಕ ಓದಿ ಕಲಿತದ್ದಲ್ಲ, ಕೈಯಿಂದ ಕಲಿತದ್ದು. ಮಕ್ಕಳೇ, ಎಲೆ ಕೊಳ್ಳುವಾಗ 'ಇದನ್ನ ಹೆಂಗ ಇಡಬೇಕ್ರಿ?' ಎಂದು ಕೇಳಿ. ಅಂಗಡಿಯವರು ಸಂತೋಷದಿಂದ ಹೇಳುತ್ತಾರೆ.

ಬಿಸಿಲು ಇಳಿದ ಮೇಲೆ ದೊಡ್ಡಹುಣಸೆ ಮಠಕ್ಕೆ ನಡೆಯಿರಿ. ಹಗ್ಗ ಬೇಕಾಗುವುದು ಇಲ್ಲಿ. ಅಂಗಳದ ಮೂರು ಬೃಹತ್ ಮರಗಳನ್ನು ಜನ ದೊಡ್ಡಹುಣಸೆ ಎಂದು ಕರೆಯುತ್ತಾರೆ, ಕಾಯಿಯ ತಿರುಳು ಹುಳಿಯಾದ್ದರಿಂದ. ಆದರೆ ಇದು ಹುಣಸೆಯ ಕುಲವಲ್ಲ. ನಮ್ಮ ಹೊಲದ ಹತ್ತಿ, ಹಿತ್ತಲಿನ ದಾಸವಾಳ, ಬೆಂಡೆ ಇವುಗಳ ಬಳಗ. ತವರು ಆಫ್ರಿಕಾ. ಅರಬ್ ವರ್ತಕರ ಮೂಲಕ ನಮ್ಮ ದೇಶಕ್ಕೆ ಬಂದಿರಬೇಕೆಂದು ಹಲವರ ಊಹೆ. ಶಾಸ್ತ್ರೀಯ ಹೆಸರು ಅಡನ್ಸೋನಿಯಾ ಡಿಜಿಟೇಟಾ. ಮೊದಲ ಪದ ಫ್ರೆಂಚ್ ಸಸ್ಯವಿಜ್ಞಾನಿ ಅಡನ್ಸನ್ ಅವರ ನೆನಪು. ಎರಡನೆಯದಕ್ಕೆ ಬೆರಳುಗಳುಳ್ಳದ್ದು ಎಂದರ್ಥ. ಒಂದು ಎಲೆ ನೋಡಿ, ಕೈ ಬೆರಳು ಬಿಡಿಸಿದ ಹಾಗಿದೆ. ಹೂ ಅರಳುವುದು ರಾತ್ರಿ, ಪರಾಗ ಒಯ್ಯುವುದು ಬಾವಲಿ.

ಈ ಮರಗಳಿಗೆ ಎರಡು ಸಾವಿರ ವರ್ಷ ಎಂದು ಊರವರು ಹೇಳುತ್ತಾರೆ. ಕಾಂಡದ ದಪ್ಪ ನೋಡಿ ವಯಸ್ಸು ಹೇಳಲು ಬಾರದು. ಈ ಜಾತಿಯಲ್ಲಿ ಹಲವು ಕಾಂಡಗಳು ಕೂಡಿ ಒಂದಾಗುತ್ತವೆ, ನಡುವೆ ಪೊಳ್ಳಾಗುತ್ತವೆ; ಬೆಳವಣಿಗೆಯ ಉಂಗುರಗಳನ್ನೂ ನಂಬುವಂತಿಲ್ಲ. ವಿಜ್ಞಾನಿಗಳು ಕಾರ್ಬನ್-14 ಪರೀಕ್ಷೆಯನ್ನೇ ಅವಲಂಬಿಸುತ್ತಾರೆ. ಹಾಗೆ ಪರೀಕ್ಷಿಸಿದ ಆಫ್ರಿಕಾದ ಅತಿ ಹಳೆಯ 13 ಮರಗಳಲ್ಲಿ 9, ಹನ್ನೆರಡು ವರ್ಷಗಳೊಳಗೆ ಪೂರ್ತಿಯಾಗಿಯೋ ಭಾಗಶಃವೋ ಬಿದ್ದುಹೋದವೆಂದು 2018ರಲ್ಲಿ ವರದಿಯಾಯಿತು. ಸವಣೂರಿನ ಮೂರರಲ್ಲಿಯೂ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತು. ಊರವರು ಸುಮ್ಮನಿರಲಿಲ್ಲ, ಅದನ್ನು ಯಂತ್ರಗಳಿಂದ ಎತ್ತಿ ಮತ್ತೆ ನೆಡಲಾಯಿತು. ಮೆತ್ತನೆಯ ಕಟ್ಟಿಗೆಯಲ್ಲಿ ನೀರನ್ನು ತುಂಬಿಕೊಂಡ ಭಾರ, ಅಗಲಕ್ಕೆ ಹರಡಿದರೂ ಬಹಳ ಆಳಕ್ಕಿಳಿಯದ ಬೇರು, ನೆನೆದ ಮಣ್ಣು ಇವು ಕೂಡಿದರೆ ಎಂಥ ಮರಕ್ಕೂ ಅಪಾಯ.

ಆದ್ದರಿಂದಲೇ ಹಗ್ಗ. ಮಠದವರ ಒಪ್ಪಿಗೆ ಕೇಳಿ, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡಕ್ಕೆ ಹಗ್ಗ ಸುತ್ತಿ, ಬಿಚ್ಚಿ ಟೇಪಿನಿಂದ ಅಳೆಯಿರಿ. ಅದನ್ನು 3.14ರಿಂದ ಭಾಗಿಸಿದರೆ ಸುಮಾರು ಅಡ್ಡಗಲ ಬರುತ್ತದೆ. ತಾರೀಖನ್ನು ಮರೆಯದೆ ಬರೆಯಿರಿ. ಈ ಮರ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೇ ತಿಂಗಳ ಅಳತೆಯನ್ನು ಅಕ್ಟೋಬರದ ಅಳತೆಗೆ ಹೋಲಿಸಿ ಮರ ಬೆಳೆಯಿತು ಎಂದರೆ ತಪ್ಪಾದೀತು. ಮತ್ತೆ ನೆಟ್ಟ ಮರದಲ್ಲಿ ಚಿಗುರು ಎಲ್ಲೆಲ್ಲಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ತೊಗಟೆಗೆ ಮೊಳೆ ಬೇಡ, ಹೆಸರು ಕೆತ್ತುವುದು ಬೇಡ, ಕಾಯಿಗೆ ಕಲ್ಲು ಬೇಡ.

ನಿಮ್ಮ ಶಾಲೆಯ ದಾಖಲೆಯಲ್ಲಿ ಈ ಮರಗಳ ಅಳತೆ ಇದೆಯೇ? ಇಲ್ಲವಾದರೆ ಮೊದಲ ಸಾಲು ನಿಮ್ಮದಾಗಲಿ. ನಾಲ್ಕು ತಾಲ್ಲೂಕುಗಳಿಂದ ಒಂದೊಂದು ಶಾಲೆ ವರ್ಷಕ್ಕೊಮ್ಮೆ, ಒಂದೇ ತಿಂಗಳಲ್ಲಿ ಅಳೆದರೂ ಹತ್ತು ವರ್ಷಕ್ಕೆ ನಲವತ್ತು ಸಾಲುಗಳಾಗುತ್ತವೆ. ಆಗ ಮರ ಕುಗ್ಗುತ್ತಿದ್ದರೆ ಬೀಳುವ ಮೊದಲೇ ನಮಗೆ ಸುಳಿವು ಸಿಕ್ಕೀತು. ಪಾಲಕರೇ, ತಂದ ಖಾರದ ಡಬ್ಬಿ ನಾಲ್ಕು ದಿನಕ್ಕೆ ಬರಿದಾಗುತ್ತದೆ. ಆ ನೋಟ್‌ಬುಕ್ಕನ್ನು ಮಾತ್ರ ಮುಂದಿನ ರಜೆಯವರೆಗೆ ಜೋಪಾನವಾಗಿಡಿ.