ಹಳದಿ ಲೋಹದ ಸರ

ಕನ್ನಡ ಎಂ.ಎ. ತರಗತಿಗೆ ಪೊಲೀಸರ ಪಂಚನಾಮೆಯನ್ನು ಹೊತ್ತುಕೊಂಡು ಹೋದವನೆಂಬ ಅಪಖ್ಯಾತಿಗೆ ನಾನು ಪಾತ್ರನಾಗಿದ್ದೇನೆ. ಸಹೋದ್ಯೋಗಿ ಮಿತ್ರರೊಬ್ಬರು ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೆದುರಿಗೇ, “ಪಂಪನನ್ನು ಓದಬೇಕಾದ ಮಕ್ಕಳ ಕೈಗೆ ಠಾಣೆಯ ಕಾಗದ ಕೊಡುತ್ತೀರಲ್ಲ ಸ್ವಾಮಿ, ಇದು ಸಾಹಿತ್ಯವೆ?” ಎಂದು ಕೇಳಿದರು. ಅಲ್ಲ. ಸಾಹಿತ್ಯವೆಂದು ನಾನು ಎಂದೂ ಹೇಳಿದವನಲ್ಲ. ಅದು ಬರವಣಿಗೆ. ಬರವಣಿಗೆಯನ್ನು ಕಲಿಸುವುದು ನಮ್ಮ ಕೆಲಸವೆಂದು ಸಂಬಳದ ದಿನ ನಾವೆಲ್ಲರೂ ಒಪ್ಪಿಕೊಳ್ಳುತ್ತೇವೆ.

ನಡೆದದ್ದಿಷ್ಟು. ಬೇರೆ ಬೇರೆ ಕಸುಬಿನವರು ಬರೆದ ಕಾಗದಗಳನ್ನು, ಹೆಸರು ವಿಳಾಸಗಳಿಗೆ ಮಸಿ ಬಳಿದು, ತನ್ನಿರೆಂದು ವಿದ್ಯಾರ್ಥಿಗಳಿಗೆ ಹೇಳಿದೆ. ಒಂದು ಪಂಚನಾಮೆ ಬಂತು; ವೈದ್ಯರ ಗಾಯದ ಪ್ರಮಾಣಪತ್ರ, ಒಂದು ಕ್ರಯಪತ್ರ, ಕೆಲವು ಪತ್ರಿಕಾ ವರದಿಗಳು, ಕಚೇರಿಯೊಂದರ ಹಿಂಬರಹ ಬಂದವು. ಪ್ರತಿಯೊಂದರ ಮುಂದೆಯೂ ನಾವು ಕೇಳಿಕೊಂಡದ್ದು ಒಂದೇ: ಬರೆದಾತ ಏನನ್ನು ಹೇಳದೆ ಬಿಟ್ಟಿದ್ದಾನೆ, ಏಕೆ?

ಪಂಚನಾಮೆಯಲ್ಲಿ ಒಂದು ಸರದ ಪ್ರಸ್ತಾಪವಿತ್ತು. ಚಿನ್ನದ ಸರ ಎಂದಲ್ಲ, ‘ಹಳದಿ ಬಣ್ಣದ ಲೋಹದ ಸರ’ ಎಂದು. ತರಗತಿ ಗೊಳ್ಳೆಂದು ನಕ್ಕಿತು. ಚಿನ್ನವನ್ನು ಚಿನ್ನವೆನ್ನಲು ಇವರಿಗೇನು ದಾಡಿ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ಅವನಿಗೆ ಉತ್ತರ ಕೊಟ್ಟವಳು ಅಕ್ಕಸಾಲಿಗರ ಮನೆಯ ಹುಡುಗಿ: “ಒರೆಗೆ ಹಚ್ಚಿ ನೋಡದೆ ನಮ್ಮಪ್ಪನೂ ಚಿನ್ನ ಅನ್ನುವುದಿಲ್ಲ ಸಾರ್.” ನಗು ನಿಂತಿತು. ಜಪ್ತಿ ಮಾಡಿದವನ ಕಣ್ಣಿಗೆ ಕಂಡದ್ದು ಹಳದಿ. ಕೈಗೆ ಸಿಕ್ಕದ್ದು ಲೋಹ. ಚಿನ್ನವೆಂದು ಬರೆದು, ನಾಳೆ ಅದು ಗಿಲೀಟೆಂದು ಹೊರಬಿದ್ದರೆ, ಅಸಲನ್ನು ಬದಲಾಯಿಸಿದವನೆಂಬ ಆರೋಪ ಬರೆದವನ ತಲೆಗೇ. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಹೊಸ ಕಾನೂನು ಶೋಧವನ್ನೂ ಜಪ್ತಿಯನ್ನೂ ವಿಡಿಯೋದಲ್ಲಿ ಸೆರೆಹಿಡಿಯಬೇಕೆನ್ನುತ್ತದೆ. ಆದರೂ ಪಟ್ಟಿ ಬರೆದು ಸಾಕ್ಷಿಗಳ ಸಹಿ ಹಾಕಿಸುವುದನ್ನು ಬಿಟ್ಟಿಲ್ಲ.

ಗಾಯದ ಪ್ರಮಾಣಪತ್ರ ಇಂಗ್ಲಿಷಿನಲ್ಲಿತ್ತು, ಕನ್ನಡಕ್ಕೆ ಇಳಿಸಿಕೊಂಡೆವು. ಹೊಡೆದವರಾರೆಂದು ವೈದ್ಯರು ತಮ್ಮ ಮಾತಾಗಿ ಎಲ್ಲಿಯೂ ಹೇಳಿಲ್ಲ. ಗಾಯದ ಉದ್ದ, ಅಗಲ, ಆಳ, ಮೈಯ ಯಾವ ಭಾಗ ಎಂಬುದಷ್ಟೆ. ಕೊನೆಗೊಂದು ಮಾತು: ಸಾಮಾನ್ಯವೋ, ತೀವ್ರವೋ. ಈ ಒಂದು ಮಾತಿನ ಮೇಲೆ ಒಬ್ಬನ ಸೆರೆವಾಸದ ವರ್ಷಗಳು ನಿಂತಿವೆ. ಗಾಯಾಳು ಎಷ್ಟು ದಿನ ತೀವ್ರ ನೋವಿನಲ್ಲಿ ನರಳಿದರೆ ಅದು ತೀವ್ರ ಗಾಯ? ೧೮೬೦ರ ದಂಡಸಂಹಿತೆ ಇಪ್ಪತ್ತು ದಿನವೆಂದಿತ್ತು, ಈಗಿನ ನ್ಯಾಯಸಂಹಿತೆ ಹದಿನೈದು ಎನ್ನುತ್ತದೆ. ‘ಬಹಳ ದಿನ’ ಎಂದು ಬರೆಯುವ ನಮ್ಮ ಕಥೆಗಾರರ ಚಾಳಿ ಇಲ್ಲಿ ನಡೆಯುವುದಿಲ್ಲ.

ಕ್ರಯಪತ್ರದ ಚಕ್ಕುಬಂದಿಯನ್ನು ನಾನು ವಿವರಿಸಬೇಕಾಗಿಲ್ಲ. ನಿವೇಶನ ಕೊಂಡ ಓದುಗರಿಗೆಲ್ಲ ಅದರ ಬಿಸಿ ತಾಕಿದೆ. ಮೊತ್ತವನ್ನು ಅಂಕಿಯಲ್ಲಿ ಬರೆದ ಮೇಲೂ ಅಕ್ಷರದಲ್ಲಿ ಬರೆಯುವುದು ಮಾತ್ರ ಹುಡುಗರಿಗೆ ವಿಚಿತ್ರವಾಗಿ ಕಂಡಿತು. ಚೆಕ್ಕಿನ ವಿಷಯದಲ್ಲಾದರೆ ೧೮೮೧ರ ಕಾಯಿದೆ ಸ್ಪಷ್ಟವಾಗಿಯೇ ಹೇಳಿದೆ: ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರವೇ ಊರ್ಜಿತ. ಭಾಷೆಯ ಅಧ್ಯಾಪಕರು ಸಂತೋಷಪಡಬೇಕಾದ ಮಾತಲ್ಲವೆ ಇದು? ನಮ್ಮ ವಿಭಾಗದಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾನೂ ಸೇರಿದಂತೆ.

ಇನ್ನು ಆ ಹಿಂಬರಹ. ಅದನ್ನು ತಂದವಳು ಹಳ್ಳಿಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿದ್ದು ಓದುವ ಹುಡುಗಿ. ತಾಯಿಯ ವಿಧವಾ ವೇತನ ನಿಂತುಹೋಗಿತ್ತು, ಅರ್ಜಿ ಕೊಟ್ಟಿದ್ದರು. ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಬಂದಿತ್ತು. ಈ ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಬರೆದು, ಕರ್ತೃಪದಕ್ಕೆ ಅಡಿಗೆರೆ ಎಳೆಯಿರೆಂದೆ. ಮೂವತ್ತು ಜನರಲ್ಲಿ ಒಬ್ಬರಿಗೂ ಎಳೆಯಲಾಗಲಿಲ್ಲ. ಪರಿಶೀಲಿಸುವವರು ಯಾರು? ಸೂಕ್ತವೆಂದರೇನು? ಎಂದಿಗೆ?

ಆ ಹೊತ್ತಿಗೆ ಅವರಿಗೆ ಎರಡು ಬಗೆಯ ಮೌನಗಳು ಬೇರೆ ಬೇರೆಯಾಗಿ ಕಂಡವು. ‘ಚಿನ್ನ’ ಎನ್ನದ ಪೊಲೀಸಿನವನು ತನಗೆ ಗೊತ್ತಿಲ್ಲದ್ದನ್ನು ಬಿಟ್ಟಿದ್ದಾನೆ. ಕರ್ತೃವನ್ನು ನುಂಗಿದ ಗುಮಾಸ್ತನು ತನಗೆ ಚೆನ್ನಾಗಿ ಗೊತ್ತಿರುವುದನ್ನು ಬಿಟ್ಟಿದ್ದಾನೆ. ಮೊದಲನೆಯದು ಪ್ರಾಮಾಣಿಕತೆ, ಎರಡನೆಯದು ತಲೆತಪ್ಪಿಸಿಕೊಳ್ಳುವಿಕೆ. ಎರಡನ್ನೂ ‘ಕಚೇರಿ ಕನ್ನಡ’ ಎಂಬ ಒಂದೇ ಗೋಣಿಗೆ ತುಂಬಿ ಮೂಗು ಮುಚ್ಚಿಕೊಂಡವರು ನಾವು, ಸಾಹಿತ್ಯದ ಜನ. ಆಡಳಿತದಲ್ಲಿ ಕನ್ನಡ ಬರಲೆಂದು ಮೆರವಣಿಗೆ ಹೋದೆವು. ೧೯೬೩ರಲ್ಲಿ ರಾಜಭಾಷಾ ಕಾಯಿದೆಯೂ ಆಯಿತು. ಬಂದ ಕನ್ನಡ ಎಂತಹದೆಂದು ಇಣಿಕಿ ನೋಡುವ ವ್ಯವಧಾನ ಮಾತ್ರ ನಮಗಾಗಲಿಲ್ಲ. ಆ ಕುರ್ಚಿಗಳಲ್ಲಿ ಕುಳಿತವರು ಯಾರು? ನಮ್ಮ ತರಗತಿಗಳಿಂದಲೇ ಹೋದವರು ಅವರಲ್ಲಿ ಎಷ್ಟೋ ಮಂದಿ.

ನಮ್ಮ ಮನೆಯ ದೋಸೆಯೂ ತೂತೇ ಎಂಬುದನ್ನು ಮರೆಯಬಾರದು. ‘ಕೃತಿಯು ಬದುಕಿನ ಸಂಕೀರ್ಣತೆಯನ್ನು ಅನನ್ಯವಾಗಿ ಕಟ್ಟಿಕೊಡುತ್ತದೆ’ ಎಂದು ಬರೆಯುವ ವಿಮರ್ಶಕನಿಗೂ ‘ಸೂಕ್ತ ಕ್ರಮ’ದ ಗುಮಾಸ್ತನಿಗೂ ಏನು ವ್ಯತ್ಯಾಸ? ವಿಮರ್ಶಕನ ವಾಕ್ಯದಿಂದ ಯಾರ ವೇತನವೂ ನಿಲ್ಲುವುದಿಲ್ಲ, ಅಷ್ಟೆ. ಆರೋಪಿಯನ್ನು ಅಪರಾಧಿ ಎನ್ನದ ವರದಿಗಾರನ ಎಚ್ಚರದಲ್ಲಿ ಕಾಲುಪಾಲು ನಮ್ಮ ಪ್ರಬಂಧಗಳಲ್ಲಿದ್ದರೆ ಅವು ಅರ್ಧಕ್ಕಿಳಿದಾವು.

ಪರಂಪರೆಯ ಮಾತು ಎತ್ತುವವರಿಗೆ ನನ್ನದೊಂದು ಪ್ರಶ್ನೆಯಿದೆ. ಸುಮಾರು ಕ್ರಿ.ಶ. ೪೫೦ರ ಹಲ್ಮಿಡಿ ಶಾಸನ ಏನು? ದಾನಪತ್ರ. ಯಾರಿಗೆ, ಯಾತಕ್ಕಾಗಿ ಕೊಟ್ಟದ್ದು, ಕೆಡಿಸಿದವನ ಗತಿಯೇನು ಎಂಬುದನ್ನು ಕಲ್ಲಿನಲ್ಲಿ ಕೊರೆದಿಟ್ಟ ವ್ಯವಹಾರದ ಕಾಗದ. ಎರಡನೆಯ ಚಾವುಂಡರಾಯನು ೧೦೨೫ರ ಸುಮಾರಿಗೆ ‘ಲೋಕೋಪಕಾರ’ವನ್ನು ಬರೆದಾಗ ಅಡಿಗೆ, ಗಿಡಮರಗಳ ಆರೈಕೆ, ನೆಲದಡಿಯ ನೀರನ್ನು ಕಂಡುಹಿಡಿಯುವ ಬಗೆ ಇವನ್ನೆಲ್ಲ ಕನ್ನಡದಲ್ಲಿ ಹೇಳಲು ನಾಚಲಿಲ್ಲ. ನಮ್ಮ ಮಿತ್ರರು ಹನ್ನೊಂದು ಗಂಟೆಗೆ ಹಲ್ಮಿಡಿಯ ದಾನಪತ್ರವನ್ನು ಭಕ್ತಿಯಿಂದ ಪಾಠ ಮಾಡಿ, ಹನ್ನೆರಡಕ್ಕೆ ನನ್ನ ಕ್ರಯಪತ್ರವನ್ನು ಕಂಡು ಸಿಡಿಮಿಡಿಗೊಳ್ಳುತ್ತಾರೆ. ಸಾವಿರದೈನೂರು ವರ್ಷ ಕಾದರೆ ಇದಕ್ಕೂ ಪಠ್ಯಕ್ರಮದಲ್ಲಿ ಜಾಗ ಸಿಕ್ಕೀತೇನೋ!

ಆ ಹುಡುಗಿಯ ಕಥೆ ಉಳಿಯಿತು. ಕರ್ನಾಟಕದಲ್ಲಿ ೨೦೧೧ರ ಸಕಾಲ ಕಾಯಿದೆಯಿದೆ. ಅದರಡಿ ಬರುವ ಪ್ರತಿಯೊಂದು ಸೇವೆಗೂ ಹೊಣೆಗಾರನಾದ ಅಧಿಕಾರಿಯೂ ದಿನಗಳ ಮಿತಿಯೂ ಗೊತ್ತಾಗಿರಬೇಕು. ಎಂದರೆ, ಗುಮಾಸ್ತನು ಕಿತ್ತೆಸೆದ ಕರ್ತೃಪದವನ್ನೂ ಕಾಲವನ್ನೂ ಶಾಸನವೇ ವಾಕ್ಯದೊಳಕ್ಕೆ ಮರಳಿ ತಂದಿದೆ. ಆಕೆ ತಾಯಿಯ ಹೆಸರಿನಲ್ಲಿ ನಾಲ್ಕೇ ಸಾಲು ಬರೆದಳು. ವೇತನ ಯಾವ ತಿಂಗಳಿಂದ ನಿಂತಿದೆ, ಅರ್ಜಿ ಯಾವ ತಾರೀಖಿನದು, ಈಗ ಅದು ಯಾವ ಅಧಿಕಾರಿಯ ಮುಂದಿದೆ, ಅವರು ಎಂದು ತೀರ್ಮಾನಿಸುತ್ತಾರೆ. ‘ಬಡವಳಾದ ನನ್ನ ಮೇಲೆ ಕೃಪೆಯಿಟ್ಟು’ ಎಂಬುದನ್ನು ಮೊದಲು ಬರೆದು, ತಾನೇ ಹೊಡೆದುಹಾಕಿದ್ದಳು. ಮೂರು ವಾರಕ್ಕೆ ಉತ್ತರ ಬಂತು; ಅದರಲ್ಲಿ ಅಧಿಕಾರಿಯ ಹುದ್ದೆಯಿತ್ತು, ತಾರೀಖಿತ್ತು. ಹಣ ಇನ್ನೂ ಬಂದಿಲ್ಲ. ಆದರೆ ಯಾವ ಬಾಗಿಲಲ್ಲಿ ನಿಲ್ಲಬೇಕೆಂದು ಆ ತಾಯಿಗೆ ಈಗ ಗೊತ್ತು.

ಮುಂದಿನ ವರ್ಷ ಈ ‘ಠಾಣೆ ಪಾಠ’ ಬೇಡವೆಂದು ವಿಭಾಗದಲ್ಲಿ ಗುಸುಗುಸು ನಡೆದಿದೆಯಂತೆ. ಪಠ್ಯಸಮಿತಿಯಲ್ಲಿ ನಾನು ಅದನ್ನು ಉಳಿಸಬೇಕೆಂದೇ ವಾದಿಸುವವನು. ವಿರೋಧವಿರುವವರು ಬರೆದು ಕೊಡಲಿ. ‘ಕೈಬಿಡಲು ತೀರ್ಮಾನಿಸಲಾಯಿತು’ ಎಂದಲ್ಲ, ಕೈಬಿಡುವವರು ಯಾರೆಂಬುದು ವಾಕ್ಯದಲ್ಲೇ ಇರುವಂತೆ.