ರಾತ್ರಿ ಯಾರ ಕೈಯಲ್ಲಿದೆ?

ನಿದ್ದೆ ಬರುತ್ತಿಲ್ಲ ಎಂದು ಬೀದರ್ ಜಿಲ್ಲೆಯ ಹುಮನಾಬಾದಿನಲ್ಲೋ ಬಸವಕಲ್ಯಾಣದಲ್ಲೋ ಬಾಯಿಬಿಟ್ಟು ನೋಡಿ. ಎರಡು ಉತ್ತರ ಸಿಗುತ್ತವೆ. "ಮೊಬೈಲ್ ಬಿಡು, ನಿದ್ದಿ ತಾನೇ ಬರ್ತದ" ಎನ್ನುವುದು ಹಿರಿಯರ ಮಾತು. "ರಾತ್ರಿ ನಮ್ಮ ಕೈಯಾಗ ಎಲ್ಲದ್ರಿ?" ಎನ್ನುವುದು ಹೊಲಕ್ಕೆ ನೀರು ಹಾಯಿಸುವವರ, ಲಾರಿ ಓಡಿಸುವವರ ಮಾತು. ಎರಡರಲ್ಲೂ ಹುರುಳಿದೆ. ಮೊದಲನೆಯದನ್ನು ಹೇಳುವುದು ಸುಲಭ, ಅದಕ್ಕೆ ಯಾರೂ ಏನೂ ಬಿಟ್ಟುಕೊಡಬೇಕಿಲ್ಲ. ಹಾಗಾಗಿ ಎರಡನೆಯದನ್ನು ಮೊದಲು ಕೇಳಿಸಿಕೊಳ್ಳೋಣ.

ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ತಾಸು ತ್ರೀಫೇಸ್ ಕರೆಂಟು ಕೊಡುತ್ತೇವೆಂಬುದು ಸರ್ಕಾರದ ಮಾತು. ಆ ಏಳು ತಾಸು ಹಗಲು ಇಷ್ಟು, ರಾತ್ರಿ ಇಷ್ಟು ಎಂದು ಪಾಳಿಯಲ್ಲಿ ಹಂಚಿಹೋಗುತ್ತದೆ. ರಾತ್ರಿ ಪಾಳಿ ಬಂದ ವಾರ ಕಬ್ಬಿನ ರೈತ ಹತ್ತಕ್ಕೆ ಉಂಡು, ಹೊರಸಿನ ಮೇಲೆ ಕೌದಿ ಹೊದ್ದು ಅಡ್ಡಾಗುತ್ತಾನೆ. ಹನ್ನೆರಡಕ್ಕೋ ಒಂದಕ್ಕೋ ಕರೆಂಟು ಬರುತ್ತದೆ. ಎದ್ದು, ಬ್ಯಾಟರಿ, ಸಲಿಕೆ ಹಿಡಿದು ಹೊಲಕ್ಕೆ ನಡೆಯಬೇಕು. ಮೋಟರು ಶುರುವಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಂದು ಸಾಲು ತುಂಬಿದ ಮೇಲೆ ಮಣ್ಣು ಎಳೆದು ಮುಚ್ಚಿ, ಪಕ್ಕದ ಸಾಲಿನ ಬಾಯಿ ಬಿಡಿಸಬೇಕು. ಬೆಳಗಿನವರೆಗೂ ಇದೇ. ಕಾಲಿಟ್ಟಲ್ಲೆಲ್ಲ ತೇವ, ಮೊಣಕಾಲೆತ್ತರದ ಕಳೆ. ಕೊಳಕುಮಂಡಲ, ಕಟ್ಟುಹಾವುಗಳು ಓಡಾಡುವ ಹೊತ್ತೂ ಅದೇ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಆದೇಶ ಮಾಡಿದ್ದು 2024ರಲ್ಲಿ.

ರಾತ್ರಿ ಕರೆಂಟು ಕೊಡುವವರ ಕಡೆಗೂ ಕಾರಣಗಳಿವೆ, ಅವು ನೆಪಗಳಲ್ಲ. ರಾತ್ರಿ ಊರುಗಳ ಬಳಕೆ ಇಳಿಯುತ್ತದೆ. ಆದರೆ ಕಲ್ಲಿದ್ದಲಿನ ಸ್ಥಾವರವನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸಲು ಬರುವುದಿಲ್ಲ, ಆ ವಿದ್ಯುತ್ತನ್ನು ಯಾರಾದರೂ ಬಳಸಲೇಬೇಕು. ಎಲ್ಲ ಪಂಪುಗಳೂ ಹಗಲಲ್ಲೇ ಒಟ್ಟಿಗೆ ಓಡಿದರೆ ಫೀಡರು ತಾಳುವುದಿಲ್ಲ, ಟ್ರಾನ್ಸ್‌ಫಾರ್ಮರು (ಟಿಸಿ) ಸುಡುತ್ತದೆ, ಸುಟ್ಟ ಟಿಸಿ ಬದಲಾಗುವ ತನಕ ಬೆಳೆ ಒಣಗುತ್ತದೆ. ಬೇಸಿಗೆಯ ರಾತ್ರಿ ಹಾಯಿಸಿದ ನೀರು ಕಡಿಮೆ ಆವಿಯಾಗುತ್ತದೆ ಎನ್ನುವುದೂ ನಿಜ. ಇನ್ನೊಂದು ಮಾತಿದೆ: 2008ರಿಂದ ಹತ್ತು ಎಚ್‌ಪಿವರೆಗಿನ ಪಂಪುಗಳಿಗೆ ಕರೆಂಟು ಪುಕ್ಕಟೆ, ಪುಕ್ಕಟೆ ಪಡೆದವರು ಹೊತ್ತು ಕೇಳಬಾರದು. ಈ ಕೊನೆಯ ಮಾತನ್ನು ನಾನು ಒಪ್ಪಲಾರೆ. ಕರೆಂಟಿಗೆ ಬಿಲ್ಲಿಲ್ಲ ನಿಜ, ಅದಕ್ಕಾಗಿ ಬಿಟ್ಟ ನಿದ್ದೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಮಿಕ್ಕ ವಾದಗಳ ಬಲವೂ ಈಗ ಕುಗ್ಗುತ್ತಿದೆ. ಸೌರ ವಿದ್ಯುತ್ತು ಹೆಚ್ಚಿದಂತೆ ಅಗ್ಗದ ಹೊತ್ತು ನಡುಹಗಲಿಗೆ ಸರಿಯುತ್ತಿದೆ. 2019ರಲ್ಲಿ ಶುರುವಾದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಫೀಡರುಗಳನ್ನೇ ಸೌರ ವಿದ್ಯುತ್ತಿಗೆ ಜೋಡಿಸುವ ಭಾಗವಿದೆ. ಬೀದರ್ ಸೀಮೆಯ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ.

ಮೊಬೈಲ್ ನಿದ್ದೆ ಕೆಡಿಸುತ್ತದೆ ಎನ್ನುವ ವಾದ ಈ ಹೊಲದಲ್ಲೇ ತೊಡಕಿಗೆ ಬೀಳುತ್ತದೆ. ಈಗ ಸ್ಟಾರ್ಟರಿಗೆ ಸಿಮ್ ಹಾಕಿದ ಡಬ್ಬಿ ಜೋಡಿಸುತ್ತಾರೆ. ತ್ರೀಫೇಸ್ ಬಂದರೆ ಅದೇ ಫೋನ್ ಮಾಡುತ್ತದೆ, ಮನೆಯಿಂದಲೇ ಮೋಟರು ಚಾಲೂ ಮಾಡಬಹುದು. ಜತೆಗೆ ಹನಿ ನೀರಾವರಿ ಇದ್ದರೆ ಹೊಲಕ್ಕೆ ಹೋಗುವ ಕೆಲಸವೇ ಇಲ್ಲ. ಎಷ್ಟೋ ರಾತ್ರಿಗಳನ್ನು ಮೊಬೈಲ್ ಮರಳಿಸಿಕೊಟ್ಟಿದೆ. ಆದರೂ ಹುಮನಾಬಾದ್ ಕಡೆಯ ಒಬ್ಬ ಹಿರಿಯ ರೈತರು ನನಗೆ ಹೇಳಿದ್ದು ಬೇರೆ: "ಕರೆಂಟ್ ಬಂತಂದ್ರ ಫೋನ್ ಬರ್ತದ. ಬರಲಿಲ್ಲಂದ್ರೂ ಎಚ್ಚರ ಆಗ್ತದ್ರಿ." ವರ್ಷಗಟ್ಟಲೆ ನಡುರಾತ್ರಿ ಎದ್ದ ಮೈ, ಏಳುವ ಕಾರಣ ಹೋದರೂ ಏಳುವುದನ್ನು ಬಿಡುವುದಿಲ್ಲ.

ವೈದ್ಯರ ಸಲಹೆ ಬೆಲೆಯುಳ್ಳದ್ದಾಗುವುದು ಇಂಥಲ್ಲಿ. ಮಲಗುವ ಹೊತ್ತು ಹೆಚ್ಚು ಕಡಿಮೆಯಾದರೂ ಏಳುವ ಹೊತ್ತು ದಿನಾ ಒಂದೇ ಇರಲಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೆದ್ದು, ಕಣ್ಣು ಎಳೆದಾಗ ಮರಳಿ ಬನ್ನಿ. ನಿದ್ದೆಗುಳಿಗೆಗಿಂತ ಮೊದಲು ಇದನ್ನೇ ವಾರಗಟ್ಟಲೆ ಮಾಡಿಸುವ ಚಿಕಿತ್ಸೆ ಇದೆ, ಅದರಿಂದ ಗುಣವಾದವರು ಬಹಳ. ಚಾ ವಿಷಯವೂ ಹಾಗೆಯೇ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ತಾಸಿನ ಮೇಲೂ ಮೈಯಲ್ಲಿರುತ್ತದೆ. ಸಂಜೆ ಏಳಕ್ಕೆ ಬಸ್‌ಸ್ಟ್ಯಾಂಡಿನ ಹತ್ತಿರ ಕುಡಿದ ಚಾ ನಡುರಾತ್ರಿಯವರೆಗೂ ಜತೆಗೇ ಇರುತ್ತದೆ. ಇದಕ್ಕೆ ಕರೆಂಟು ಕೊಡುವ ಜೆಸ್ಕಾಂ ಹೊಣೆಯಲ್ಲ.

ಹೆದ್ದಾರಿಯವರ ಪಾಡು ಇನ್ನೂ ಬಿಗಿ. ಪುಣೆ–ಹೈದರಾಬಾದ್ ದಾರಿ ಹುಮನಾಬಾದ್, ಬಸವಕಲ್ಯಾಣ ಎರಡೂ ತಾಲೂಕುಗಳನ್ನು ಹಾದುಹೋಗುತ್ತದೆ. ಹುಮನಾಬಾದಿನಲ್ಲಿ ಅದಕ್ಕೆ ಬೀದರ್–ಕಲಬುರಗಿ ರಸ್ತೆ ಕೂಡುತ್ತದೆ. ಚಾಲಕನ ದುಡಿಮೆ ದಿನಕ್ಕೆ ಎಂಟು ತಾಸು ಮೀರಬಾರದೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ರಾತ್ರಿ ರಸ್ತೆ ಖಾಲಿ, ಟೈರಿಗೂ ತಂಪು, ಸರಕೂ ಬೇಗ ಮುಟ್ಟುತ್ತದೆ ಎನ್ನುವುದು ಮಾಲೀಕರ ಲೆಕ್ಕ. ಬಹಳ ಚಾಲಕರೂ ಅದನ್ನೇ ಹೇಳುತ್ತಾರೆ. ಹಗಲು ಢಾಬಾದ ಹೊರಸಿನ ಮೇಲೆ ಮಲಗಿದರೆ ಸರಿಹೋಯಿತು ಎಂದುಕೊಳ್ಳುತ್ತೇವೆ, ಆದರೆ ಬೆಳಕಿನಲ್ಲಿ, ಸೆಕೆಯಲ್ಲಿ ಬರುವ ನಿದ್ದೆ ಚಿಕ್ಕದು, ತುಂಡುತುಂಡು. ಮೈಯೊಳಗಿನ ಗಡಿಯಾರ ಸೂರ್ಯನಿಗೆ ಕಟ್ಟಿಕೊಂಡಿದೆ. ಅದರ ಯಂತ್ರವನ್ನು ಬಿಡಿಸಿ ತೋರಿದ ಮೂವರಿಗೆ 2017ರ ನೊಬೆಲ್ ಬಂತು.

ನಿದ್ದೆಯನ್ನು ಭೋಗವೆಂದು ಎಣಿಸುವುದು ಈ ಸೀಮೆಗೆ ಹೊಸದಲ್ಲ. ಕಲ್ಯಾಣದಿಂದ, ಎಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನ ಇಪ್ಪತ್ತು ಉಪಭೋಗಗಳ ಸಾಲಿನಲ್ಲಿ ಹಾಸಿಗೆಗೂ ಒಂದು ಅಧ್ಯಾಯವಿದೆ. ಕೆಲವೇ ದಶಕಗಳ ಮೇಲೆ ಅದೇ ಊರಿನಲ್ಲಿ ಶರಣರು ಕಾಯಕವನ್ನು ಎತ್ತಿ ಹಿಡಿದರು. ನಿದ್ದೆ ಭೋಗದ ಪಟ್ಟಿಯಲ್ಲಿರುವ ತನಕ, ದುಡಿಯುವವನು ಅದನ್ನು ಕೇಳಿದರೆ ಸೋಮಾರಿತನದಂತೆಯೇ ಕಾಣುತ್ತದೆ. ಕಾಯಕ ಮಾಡುವ ಮೈಗೆ ಅದು ಕೂಳಿನಷ್ಟೇ ಬೇಕಾದದ್ದು.

ಸದ್ದಿನ ವಿಷಯ ಚಿಕ್ಕದು, ಜಗಳ ಮಾತ್ರ ದೊಡ್ಡದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗಾಗಿ ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ಸರ್ಕಾರ ಸಡಿಲಿಸಬಹುದು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಮಾಣಿಕನಗರದ ದತ್ತಜಯಂತಿ, ರಂಜಾನಿನ ಸಹರಿ, ಶಿವರಾತ್ರಿಯ ಜಾಗರಣೆ, ಇವೆಲ್ಲ ನಾವೇ ಬಯಸಿ ಕಳೆದುಕೊಳ್ಳುವ ನಿದ್ದೆ. ವರ್ಷದಲ್ಲಿ ಒಂದೆರಡು ರಾತ್ರಿ ಊರೆಲ್ಲ ಕೂಡಿ ಎಚ್ಚರವಿದ್ದರೆ ಮೈಗೆ ಕೇಡಿಲ್ಲ, ಮನಸ್ಸಿಗೆ ಲಾಭವೇ ಉಂಟು. ಮದುವೆ ಮೆರವಣಿಗೆಯ ಡಿಜೆಯನ್ನು ಈ ಸಾಲಿಗೆ ಸೇರಿಸಲು ನಾನು ತಯಾರಿಲ್ಲ. ಪಕ್ಕದ ಮನೆಯ ಬಾಣಂತಿಯನ್ನು ಆ ಜಾಗರಣೆಗೆ ಯಾರೂ ಕೇಳಿ ಕರೆದಿಲ್ಲ.

ಇನ್ನು ಹಾಸಿಗೆಯಲ್ಲಿ ಮೊಬೈಲ್ ನೋಡುವವರು. ಅದು ನಿದ್ದೆಯನ್ನು ತಿನ್ನುತ್ತದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಕೂಡುಕುಟುಂಬದ ಸೊಸೆಗೆ ಎಲ್ಲರೂ ಉಂಡು, ಪಾತ್ರೆ ತೊಳೆದು, ನಾಳೆಯ ಹಿಟ್ಟಿಗೆ ಜೋಳ ಹಸನು ಮಾಡಿ ಮುಗಿಯುವಾಗ ಹನ್ನೊಂದು. ಆಮೇಲಿನ ಒಂದು ತಾಸು ಅವಳದು, ಇಡೀ ದಿನದಲ್ಲಿ ಅದೊಂದೇ. ತವರಿನವರ ಜತೆ ಮಾತು, ಎರಡು ವಿಡಿಯೊ. ಬೆಳಗಿನ ಐದಕ್ಕೆ ಮತ್ತೆ ಏಳಬೇಕು. ಅವಳಿಗೆ ಫೋನ್ ಬಿಡು ಎನ್ನುವ ಅತ್ತೆಯ ಮಾತು ಆರೋಗ್ಯದ ದೃಷ್ಟಿಯಿಂದ ಸರಿಯೇ. ರಾತ್ರಿಯ ಪಾತ್ರೆಗಳನ್ನು ಮಗ ತಿಕ್ಕಿದರೆ ಆ ತಾಸು ಅವಳಿಗೆ ಹತ್ತಕ್ಕೇ ಸಿಗುತ್ತದೆ, ಹನ್ನೊಂದಕ್ಕೆ ಮಲಗಲೂ ಆಗುತ್ತದೆ.